ಸ್ವಾಧ್ಯಾಯವೇ ತಪಸ್ಸಾದ ಬಾಳು: ಡಾ. ಆ. ನೇ. ಉಪಾಧ್ಯೆ

ಜಿನಾಗಮದಲ್ಲಿ ತಪಸ್ಸು ಹನ್ನೆರಡು ವಿಧವೆಂದು ಹೇಳಿದೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬ ಆರು ಬಾಹ್ಯತಪಗಳು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಆಭ್ಯಂತರತಪಗಳು. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಕೊಳ್ಳುವ ಶ್ರಾವಕ ಶ್ರಾವಿಕೆಯರಿಗೆ ಅನಶನವು ಚಿರಪರಿಚಿತವಾದುದು. ಆದರೆ ಆಹಾರವನ್ನು ಬಿಟ್ಟ ಆ ದಿನದ ಹೊತ್ತನ್ನು ಯಾವುದರಿಂದ ತುಂಬಬೇಕೆಂಬ ಪ್ರಶ್ನೆಗೆ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಆಗಲೇ ಉತ್ತರವಿತ್ತಿದ್ದಾರೆ. ಉಪವಾಸವಿರುವವನು ಧರ್ಮಶ್ರವಣದಲ್ಲಿಯೂ ಜ್ಞಾನಧ್ಯಾನಗಳಲ್ಲಿಯೂ ತೊಡಗಿರಬೇಕೆಂಬುದು ಅವರ ವಿಧಿ. ಅನ್ನವನ್ನು ಬಿಟ್ಟು ಶಾಸ್ತ್ರವನ್ನೂ ಬಿಟ್ಟವನ ಉಪವಾಸವು ಅರ್ಧವಷ್ಟೆ.

ಹೀಗೆ ಸ್ವಾಧ್ಯಾಯವು ತಪಸ್ಸೆಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಆ ಮಾತನ್ನು ಅಕ್ಷರಶಃ ನಂಬಿ, ಗೃಹಸ್ಥನಾಗಿದ್ದುಕೊಂಡೇ ನಾಲ್ಕು ದಶಕಗಳಿಗೂ ಮಿಕ್ಕಿ ಅದನ್ನು ವ್ರತದಂತೆ ನಡೆಸಿದ ಮಹನೀಯರು ವಿರಳ. ಅಂಥವರಲ್ಲಿ ಅಗ್ರಗಣ್ಯರು ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು. ಪ್ರಾಕೃತ, ಅಪಭ್ರಂಶ, ಸಂಸ್ಕೃತ, ಕನ್ನಡಗಳ ಪಂಡಿತರಾಗಿ, ಜೈನದರ್ಶನದ ಮರ್ಮಜ್ಞರಾಗಿ, ಗ್ರಂಥಮಾಲೆಗಳ ಪ್ರಧಾನ ಸಂಪಾದಕರಾಗಿ ಅವರು ಮಾಡಿದ ಸೇವೆಯ ಫಲವಾಗಿಯೇ ಬಸದಿಗಳ ಕತ್ತಲಕೋಣೆಯಲ್ಲಿ ಹುಳು ತಿನ್ನುತ್ತಿದ್ದ ಅನೇಕ ಗ್ರಂಥಗಳು ಇಂದು ಜಿಜ್ಞಾಸುವಿನ ಕೈಯಲ್ಲಿವೆ.

ಉಪಾಧ್ಯೆಯವರು ಜನಿಸಿದ್ದು 1906ನೆಯ ಇಸವಿ ಫೆಬ್ರವರಿ 6ರಂದು, ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಸದಲಗಾ ಗ್ರಾಮದಲ್ಲಿ. ದೂಧಗಂಗೆಯ ನೀರನ್ನುಂಡ ಕಪ್ಪು ನೆಲದ ಊರು ಅದು. ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಕೇಳಿಬರುವ ಆ ಪ್ರದೇಶದಲ್ಲಿ ಜೈನ ಒಕ್ಕಲಿಗರ ಮನೆಗಳು ಹೇರಳ. ಉಪಾಧ್ಯೆ ಎಂಬ ಮನೆತನದ ಹೆಸರೇ ಬಸದಿಯ ಪೂಜೆ ಹಾಗೂ ಸಂಸ್ಕಾರಗಳನ್ನು ನಡೆಯಿಸಿಕೊಂಡು ಬಂದ ಪುರೋಹಿತವೃತ್ತಿಯನ್ನು ಸೂಚಿಸುತ್ತದೆ. ಪಂಚಪರಮೇಷ್ಠಿಗಳಲ್ಲಿ ನಾಲ್ಕನೆಯವರಾದ ಉಪಾಧ್ಯಾಯರ ಕಾರ್ಯವು ಶ್ರುತವನ್ನು ತಾವು ಓದಿ ಇತರರಿಗೆ ಓದಿಸುವುದು. ಮುನಿಪದವಿಯ ಆ ಹೆಸರಿನ ನೆರಳನ್ನು ಗೃಹಸ್ಥಕುಲವೊಂದು ಹೊತ್ತಿತ್ತು. ಆ ಕುಲದಲ್ಲಿ ಹುಟ್ಟಿದ ಬಾಲಕನು ಆ ನೆರಳಿಗೆ ತಕ್ಕ ಬಾಳನ್ನು ಬಾಳಿದನು.

ಅದೇ ಸೀಮೆಯ ಪುಣ್ಯವನ್ನು ಇಲ್ಲಿ ನೆನೆಯಬೇಕು. ಸದಲಗೆಯಿಂದ ಹೆಚ್ಚು ದೂರವಿಲ್ಲದ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಜನಿಸಿದವರು ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು. ಅವರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನಾವ್ರತವನ್ನು ಸ್ವೀಕರಿಸಿ ಸಪ್ಟೆಂಬರ್ 18ರಂದು ಸಮಾಧಿಯನ್ನು ಸಾಧಿಸಿದರು. ಸ್ವಂತ ಸದಲಗೆಯಲ್ಲಿಯೇ 1946ರಲ್ಲಿ ಜನಿಸಿದ ಮತ್ತೊಬ್ಬ ಬಾಲಕನು ಆಚಾರ್ಯ ವಿದ್ಯಾಸಾಗರರೆಂದು ಲೋಕವಿಖ್ಯಾತನಾಗಿ, 2024ರ ಫೆಬ್ರವರಿ 18ರಂದು ಡೋಂಗರಗಢದ ಚಂದ್ರಗಿರಿಯಲ್ಲಿ ಸಲ್ಲೇಖನಾಪೂರ್ವಕವಾಗಿ ದೇಹವನ್ನು ಬಿಟ್ಟನು. ಒಂದೇ ನೆಲವು ಅನಶನದ ಪರಾಕಾಷ್ಠೆಯನ್ನು ಮುಟ್ಟಿದ ಮುನಿಗಳನ್ನೂ ಸ್ವಾಧ್ಯಾಯದ ಪರಾಕಾಷ್ಠೆಯನ್ನು ಮುಟ್ಟಿದ ಶ್ರಾವಕನನ್ನೂ ಹೆತ್ತಿತು. ಬಾಹ್ಯ ಮತ್ತು ಆಭ್ಯಂತರ ತಪಗಳೆರಡೂ ಒಂದೇ ತಾಯಿಯ ಮಕ್ಕಳೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸದಲಗೆಯ ಶಾಲೆಯಲ್ಲಿ ಪ್ರಾಥಮಿಕ ಶಿಕ್ಷಣವಾದ ಮೇಲೆ ಉಪಾಧ್ಯೆಯವರು ಬೆಳಗಾವಿಯ ಗಿಲಗಂಚಿ ಅರಟಾಳ ಪ್ರೌಢಶಾಲೆಯಲ್ಲಿ ಓದಿದರು. ಬಳಿಕ ಕೊಲ್ಹಾಪುರ ಹಾಗೂ ಸಾಂಗಲಿಗಳಲ್ಲಿ ಕಾಲೇಜು ವ್ಯಾಸಂಗ ಮಾಡಿ 1928ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆದರು. ಮುಂದೆ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ಡಾ. ಪಿ. ಎಲ್. ವೈದ್ಯರ ಬಳಿ ಅಧ್ಯಯನ ನಡೆಸಿ 1930ರಲ್ಲಿ ಎಂ.ಎ. ಆದರು. ವೈದ್ಯರು ಜನ್ಮತಃ ಜೈನರಲ್ಲ. ಆದರೆ ಪ್ರಾಕೃತ ಮತ್ತು ಅಪಭ್ರಂಶಗಳಲ್ಲಿ ಪಾರಂಗತರು. ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಕುಳಿತು ಪುಷ್ಪದಂತ ಕವಿ ರಚಿಸಿದ ಅಪಭ್ರಂಶ ಮಹಾಪುರಾಣವನ್ನು ಸಂಪಾದಿಸಿ ಕೊಟ್ಟವರು ಅವರೇ. ಹಸ್ತಪ್ರತಿಯ ಎದುರಿನಲ್ಲಿ ಸಂಪಾದಕನು ಹೇಗೆ ವಿನೀತನಾಗಿರಬೇಕೆಂಬ ಪಾಠವನ್ನು ಶಿಷ್ಯನು ಆ ಗುರುವಿನಿಂದ ಕಲಿತನು. ವಿನಯವೂ ಆಭ್ಯಂತರತಪಗಳಲ್ಲೊಂದೆಂಬುದನ್ನು ಮರೆಯಲಾಗದು.

1930ರಲ್ಲಿಯೇ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ನಿಯುಕ್ತರಾದ ಉಪಾಧ್ಯೆಯವರು 1962ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ನೆಲೆನಿಂತರು. ಅರ್ಧಮಾಗಧಿ ಕಲಿತವರಿಗೆ ಅಂದು ಉದ್ಯೋಗವೂ ಕಡಿಮೆ, ಮನ್ನಣೆಯೂ ಕಡಿಮೆ. ಭಗವಾನ್ ಮಹಾವೀರರ ದಿವ್ಯಧ್ವನಿಯ ಪರಂಪರೆಯನ್ನು ಹೊತ್ತ ಭಾಷೆಗಳು ಶಾಲೆಗಳಲ್ಲಿ ಸಂಸ್ಕೃತದ ಹಿಂದೆ ಬೆಂಚಿನ ಕೊನೆಯಲ್ಲಿ ಕುಳಿತಿದ್ದ ಕಾಲವದು. ಆ ಕೊನೆಯ ಬೆಂಚನ್ನೇ ತಮ್ಮ ಆಸನವಾಗಿ ಆರಿಸಿಕೊಂಡು ಅವರು ಮೂವತ್ತೆರಡು ವರ್ಷ ಕದಲಲಿಲ್ಲ.

ತತ್ತ್ವಾರ್ಥಸೂತ್ರವು ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ನಿರ್ದೋಷವಾದ ಗ್ರಂಥವನ್ನೂ ಅದರ ಅರ್ಥವನ್ನೂ ಓದಿ ಒಪ್ಪಿಸುವುದು ವಾಚನೆ. ಸಂಶಯನಿವಾರಣೆಗಾಗಿ ಕೇಳುವುದು ಪೃಚ್ಛನೆ. ತಿಳಿದುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಭಾವಿಸುವುದು ಅನುಪ್ರೇಕ್ಷೆ. ಅಕ್ಷರಶುದ್ಧಿಯಿಂದ ಪಾಠವನ್ನು ಆವರ್ತಿಸುವುದು ಆಮ್ನಾಯ. ಪರರಿಗೆ ತಿಳಿಸುವುದು ಧರ್ಮೋಪದೇಶ. ಉಪಾಧ್ಯೆಯವರ ಬಾಳನ್ನು ಈ ಐದು ಅಂಗಗಳ ಮೂಲಕ ನೋಡಿದರೆ ಅವರು ಎಂಥ ವ್ರತಿಗಳೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲನೆಯದಾದ ವಾಚನೆಗೆ ನಿರ್ದೋಷವಾದ ಗ್ರಂಥವು ಬೇಕು. ಅದು ಇರಲಿಲ್ಲವೆಂಬುದೇ ಅಂದಿನ ಕಷ್ಟ. ಮುದ್ರಿತ ಪುಸ್ತಕಗಳು ಸಿಕ್ಕಿದ ಒಂದು ಪ್ರತಿಯನ್ನು ನಂಬಿ ಅಚ್ಚಾಗುತ್ತಿದ್ದವು; ಪಾಠಾಂತರಗಳ ವಿಚಾರವೇ ಇರುತ್ತಿರಲಿಲ್ಲ. 1935ರಲ್ಲಿ, ತಮ್ಮ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಉಪಾಧ್ಯೆಯವರು ಮುಂಬಯಿಯ ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಹೊರತಂದರು. ಅಮೃತಚಂದ್ರ ಮತ್ತು ಜಯಸೇನರ ಸಂಸ್ಕೃತ ಟೀಕೆಗಳು, ಇಂಗ್ಲಿಷ್ ಅನುವಾದ, ನೂರು ಪುಟಗಳನ್ನು ಮೀರಿದ ಪ್ರಸ್ತಾವನೆ ಇವೆಲ್ಲ ಅದರಲ್ಲಿ ಸೇರಿದ್ದವು. ಕುಂದಕುಂದರ ಕಾಲ, ಕೃತಿಗಳು, ತತ್ತ್ವವಿಚಾರ, ಭಾಷೆ ಪ್ರತಿಯೊಂದನ್ನೂ ಅಲ್ಲಿ ತೂಗಿ ನೋಡಿದೆ. ಆಚಾರ್ಯರ ಕಾಲವನ್ನು ಅವರು ಕ್ರಿಸ್ತಶಕದ ಆರಂಭದ ಹತ್ತಿರಕ್ಕೆ ನಿಲ್ಲಿಸಿದರು. ಆ ಬಳಿಕ ಬಂದ ಕೆಲವು ವಿದ್ವಾಂಸರು ಆ ಕಾಲವನ್ನು ಇನ್ನೂ ಈಚೆಗೆ ತಂದಿದ್ದಾರೆ. ಆದರೆ ಈಚೆಗೆ ತರುವವರೂ ಆ ಪ್ರಸ್ತಾವನೆಯನ್ನು ಓದಿಯೇ ಮುಂದುವರಿಯಬೇಕಾಗುತ್ತದೆ.

ಎರಡು ವರ್ಷಗಳ ತರುವಾಯ, 1937ರಲ್ಲಿ, ಅಪಭ್ರಂಶದ ಪರಮಾತ್ಮಪ್ರಕಾಶವು ಯೋಗಸಾರದೊಡನೆ ಪ್ರಕಟವಾಯಿತು. ಅದರ ಕರ್ತೃವನ್ನು ಯೋಗೀಂದ್ರನೆಂದು ಕರೆಯುವುದು ರೂಢಿಯಾಗಿತ್ತು. ಮೂಲದಲ್ಲಿರುವ ಜೋಇಂದು ಎಂಬ ರೂಪವು ಸಂಸ್ಕೃತದಲ್ಲಿ ಯೋಗೀಂದು ಆಗಬೇಕಲ್ಲದೆ ಯೋಗೀಂದ್ರ ಆಗದೆಂದು ಉಪಾಧ್ಯೆಯವರು ತೋರಿಸಿಕೊಟ್ಟರು. ಒಂದು ರಕಾರದ ಪ್ರಶ್ನೆಯಾದರೂ ಆ ರಕಾರದ ಹಿಂದೆ ಒಬ್ಬ ಯೋಗಿಯ ನಿಜವಾದ ಹೆಸರು ಮರೆಯಾಗಿತ್ತು.

ಕೊಲ್ಹಾಪುರದ ಲಕ್ಷ್ಮೀಸೇನ ಭಟ್ಟಾರಕರ ಮಠದ ಓಲೆಗಳಲ್ಲಿ ಅವರಿಗೆ ದೊರೆತುದು ವರಾಂಗಚರಿತ. ಮೂವತ್ತೊಂದು ಸರ್ಗಗಳ ಈ ಸಂಸ್ಕೃತ ಕಾವ್ಯವನ್ನು ಹಿಂದಿನ ಕವಿಗಳು ಹೊಗಳಿದ್ದುದು ತಿಳಿದಿತ್ತು. ಗ್ರಂಥ ಮಾತ್ರ ಕಾಣೆಯಾಗಿತ್ತು. ಅದನ್ನು ಬರೆದವರು ಯಾರೆಂಬುದರಲ್ಲಿಯೂ ತಪ್ಪು ಕಲ್ಪನೆಯಿತ್ತು. ಉಪಾಧ್ಯೆಯವರು ಓಲೆಪ್ರತಿಗಳನ್ನು ಹಿಡಿದು, ಪೂರ್ವಕವಿಗಳ ಸ್ತುತಿಗಳನ್ನು ಒಂದೆಡೆ ಕೂಡಿಸಿ, ಇದರ ಕರ್ತೃ ಜಟಾಸಿಂಹನಂದಿಯೆಂದು ಸಿದ್ಧಪಡಿಸಿ 1938ರಲ್ಲಿ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಲ್ಲಿ ಅದನ್ನು ಪ್ರಕಟಿಸಿದರು. ಕೊಪ್ಪಳದ ಬೆಟ್ಟದಲ್ಲಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೆತ್ತಿ ಕೆಳಗೆ ಹಳಗನ್ನಡದಲ್ಲಿ ಬರೆದ ಕಿರುಶಾಸನವಿದೆ. ಸಮಾಧಿಮರಣಕ್ಕೆ ಪ್ರಸಿದ್ಧವಾದ ಕೊಪಣತೀರ್ಥದ ಆ ಬಂಡೆಯ ಪಾದಗಳಿಗೂ ಕೊಲ್ಹಾಪುರದ ಓಲೆಗಳಿಗೂ ಸಂಬಂಧವು ಹೀಗೆ ಬೆಸೆಯಿತು. ಬಂಡೆಯ ಮೇಲೆ ಹೆಸರು ಮಾತ್ರ ಉಳಿದಿದ್ದ ಆಚಾರ್ಯರಿಗೆ ಅವರ ಕಾವ್ಯವು ಮರಳಿ ಬಂದಿತು.

ಎರಡನೆಯ ಅಂಗವಾದ ಪೃಚ್ಛನೆಯೇ ಅತಿಕಠಿನವಾದುದು. ಸಂಶಯವು ಬಂದಾಗ ಕೇಳಬೇಕೆಂದು ಸೂತ್ರವು ಆಜ್ಞಾಪಿಸುತ್ತದೆ. ಆದರೆ ಕೇಳಿದರೆ ಶ್ರದ್ಧೆಗೆ ಕುಂದೆಂದು ಭಾವಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಆಚಾರ್ಯರ ಕಾಲವನ್ನು ಅಳೆಯುವುದು, ಗ್ರಂಥದ ಕರ್ತೃತ್ವವನ್ನು ಪರೀಕ್ಷಿಸುವುದು, ಪ್ರತಿಯ ಪಾಠವನ್ನು ಪ್ರಶ್ನಿಸುವುದು ಇವು ಭಕ್ತಿಗೆ ವಿರುದ್ಧವೇ ಎಂಬ ಚರ್ಚೆ ಅಂದು ಸಮಾಜದಲ್ಲಿ ಬಿಸಿಯಾಗಿ ನಡೆದಿತ್ತು. ಇದಕ್ಕೆ ಷಟ್ಖಂಡಾಗಮದ ಪ್ರಕಟಣೆಯೇ ಸಾಕ್ಷಿ.

ಧವಲಾ ಟೀಕೆಯೊಡನೆ ಷಟ್ಖಂಡಾಗಮದ ಪ್ರಾಚೀನ ಓಲೆಗಳು ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರು ಅವುಗಳ ದರ್ಶನವನ್ನು ಪಡೆಯುತ್ತಿದ್ದರು, ಓದುವವರಿರಲಿಲ್ಲ. ಪ್ರೊ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಹೊರತಂದು, ಸುಮಾರು ಇಪ್ಪತ್ತು ವರ್ಷಗಳಲ್ಲಿ 16 ಸಂಪುಟಗಳನ್ನು ಪೂರೈಸಿದರು. ಉಪಾಧ್ಯೆಯವರು ಆ ಮಹಾಕಾರ್ಯದಲ್ಲಿ ಅವರ ಸಹಕಾರಿಗಳಾಗಿದ್ದರು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ಮನುಷ್ಯಿಣಿಯರಿಗೆ ಸಂಭವಿಸುವ ಗುಣಸ್ಥಾನಗಳನ್ನು ಹೇಳುವೆಡೆಯಲ್ಲಿ ಸಂಜದ ಎಂಬ ಪದ, ಅಂದರೆ ಸಂಯತ ಎಂಬ ಪದ, ಕೈಗೆ ಸಿಕ್ಕಿದ್ದ ನಕಲುಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಅರ್ಥವನ್ನು ನೋಡಿದರೆ ಅದು ಇರಲೇಬೇಕೆಂದು ಸಂಪಾದಕರಿಗೆ ತೋರಿತು. ಆ ಪದವನ್ನು ಒಪ್ಪಿದರೆ ಸ್ತ್ರೀಮುಕ್ತಿಯ ಪ್ರಶ್ನೆ ಏಳುತ್ತದೆಂದು ಅನೇಕ ಪಂಡಿತರು ವಿರೋಧಿಸಿದರು. ಅಲ್ಲಿ ಹೇಳಿರುವುದು ಭಾವವೇದದ ಮಾತೇ ಹೊರತು ದ್ರವ್ಯಸ್ತ್ರೀಯದಲ್ಲವೆಂದು ಬೇರೆಯವರು ಸಮಾಧಾನ ಹೇಳಿದರು. ಕೊನೆಗೆ ಮೂಡುಬಿದಿರೆಯ ಓಲೆಗಳನ್ನೇ ತೆರೆದು ನೋಡಿದಾಗ ಆ ಪದವು ಅಲ್ಲಿದ್ದುದು ಕಂಡುಬಂದಿತು. ಅರ್ಥವನ್ನು ಕುರಿತು ಭಿನ್ನಾಭಿಪ್ರಾಯವಿರಬಹುದು. ಪಾಠವನ್ನು ಕುರಿತು ಓಲೆಯೇ ಪ್ರಮಾಣ. ಅನುಕೂಲವಲ್ಲವೆಂದು ಒಂದು ಪದವನ್ನು ಬಿಡುವುದೂ, ಅನುಕೂಲವೆಂದು ಒಂದು ಪದವನ್ನು ಸೇರಿಸುವುದೂ ಸತ್ಯಾಣುವ್ರತಕ್ಕೆ ಅತಿಚಾರಗಳೇ ಸರಿ.

ಉಪಾಧ್ಯೆಯವರ ಸ್ವಂತ ಸಂಶೋಧನೆಯೂ ಇದೇ ಕಠಿನವಾದ ಹಾದಿಯಲ್ಲಿ ನಡೆಯಿತು. ಯಾಪನೀಯ ಸಂಘವೆಂಬ, ಈಗ ಅಳಿದುಹೋದ ಮುನಿಸಂಘವನ್ನು ಕುರಿತು 1933ರಲ್ಲಿಯೇ ಅವರು ಲೇಖನ ಬರೆದರು. ನಾಲ್ಕು ದಶಕಗಳ ಮೇಲೆ ಮತ್ತೆ ಅದೇ ವಿಷಯಕ್ಕೆ ಹಿಂದಿರುಗಿ ಹೊಸ ಸಾಮಗ್ರಿಯನ್ನು ಒದಗಿಸಿದರು. ಯಾಪನೀಯ ಮುನಿಗಳು ದಿಗಂಬರರಂತೆ ನಗ್ನರಾಗಿಯೇ ಇರುತ್ತಿದ್ದರು. ಆದರೆ ಸ್ತ್ರೀಮುಕ್ತಿಯನ್ನೂ ಕೇವಲಿಭುಕ್ತಿಯನ್ನೂ ಒಪ್ಪುತ್ತಿದ್ದರು. ಕೇವಲಜ್ಞಾನವನ್ನು ಪಡೆದವರಿಗೆ ಕವಲಾಹಾರವುಂಟೇ ಎಂಬ ಪ್ರಶ್ನೆಯು ಆಹಾರತ್ಯಾಗದ ಮರ್ಮವನ್ನೇ ಮುಟ್ಟುವಂಥದು. ಕದಂಬರ ಕಾಲದಿಂದ ಹದಿನಾಲ್ಕನೆಯ ಶತಮಾನದ ಅಂತ್ಯದ ಕಾಗವಾಡದ ಶಾಸನದವರೆಗೆ ಈ ಸಂಘದ ಹೆಜ್ಜೆಗಳು ಬಹುಮಟ್ಟಿಗೆ ಉತ್ತರ ಕರ್ನಾಟಕದಲ್ಲಿಯೇ ದೊರೆಯುತ್ತವೆ. ಹುಮನಾಬಾದ್ ಮತ್ತು ನಿರ್ಣಾಗಳ ದಕ್ಷಿಣಕ್ಕಿರುವ ಮಳಖೇಡವೇ ಅಂದಿನ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷನ ಆಶ್ರಯದಲ್ಲಿ ವ್ಯಾಕರಣವನ್ನು ಬರೆದ ಶಾಕಟಾಯನ ಪಾಲ್ಯಕೀರ್ತಿ ಯಾಪನೀಯನೇ; ಸ್ತ್ರೀಮುಕ್ತಿ ಕೇವಲಿಭುಕ್ತಿಗಳನ್ನು ಸಮರ್ಥಿಸಿ ಪ್ರಕರಣಗಳನ್ನು ರಚಿಸಿದವನೂ ಅವನೇ. ದಿಗಂಬರ ಕುಲದಲ್ಲಿ ಹುಟ್ಟಿ, ದಿಗಂಬರ ಸಂಸ್ಥೆಗಳ ಗ್ರಂಥಮಾಲೆಗಳನ್ನು ನಡೆಸುತ್ತಿದ್ದ ವಿದ್ವಾಂಸರು ಇಂಥ ಸಂಘವೊಂದು ಇದ್ದುದನ್ನೂ, ಅದರ ಗ್ರಂಥಗಳು ನಂತರದ ದಿಗಂಬರರಲ್ಲಿ ಪೂಜ್ಯವಾಗಿ ಉಳಿದುದನ್ನೂ ಮರೆಮಾಡದೆ ಹೇಳಿದರು. ಅದರಿಂದ ಎಲ್ಲರೂ ಸಂತೋಷಪಡಲಿಲ್ಲ. ಸಿದ್ಧಸೇನ ದಿವಾಕರರು ಯಾಪನೀಯರಾಗಿರಬಹುದೆಂದು 1971ರಲ್ಲಿ ಅವರು ಸೂಚಿಸಿದಾಗಲೂ ಉಭಯ ಸಂಪ್ರದಾಯಗಳಲ್ಲಿ ಅದಕ್ಕೆ ಒಪ್ಪದವರಿದ್ದರು. ಆದರೂ ಕಂಡ ಪ್ರಮಾಣವನ್ನು ಕಂಡಂತೆ ಇಡುವ ನಿಯಮವನ್ನು ಅವರು ಬಿಡಲಿಲ್ಲ.

ಗೊಮ್ಮಟಸಾರದ ವಿಷಯವು ಕನ್ನಡಿಗರಿಗೆ ವಿಶೇಷವಾಗಿ ಹೃದ್ಯವಾದುದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಈ ಗ್ರಂಥಕ್ಕೆ ಜೀವತತ್ತ್ವಪ್ರದೀಪಿಕೆ ಎಂಬ ಸಂಸ್ಕೃತ ಟೀಕೆ ಇದೆ. ಅದನ್ನು ಕೇಶವವರ್ಣಿಯ ಕೃತಿಯೆಂದು ಪಂಡಿತರು ಬಹುಕಾಲ ನಂಬಿದ್ದರು. ಉಪಾಧ್ಯೆಯವರು ಪ್ರಶಸ್ತಿಗಳನ್ನು ಪರಿಶೀಲಿಸಿ, ಸಂಸ್ಕೃತ ಟೀಕೆಯು ಅನಂತರದ ಬೇರೊಬ್ಬ ನೇಮಿಚಂದ್ರರದೆಂದೂ, ಕೇಶವವರ್ಣಿ ಬರೆದದ್ದು 1359ರಲ್ಲಿ ಮುಗಿದ ಕನ್ನಡ ವೃತ್ತಿಯೆಂದೂ, ಆ ಕನ್ನಡವನ್ನೇ ಆಧರಿಸಿ ಸಂಸ್ಕೃತವು ಹುಟ್ಟಿತೆಂದೂ ತೋರಿಸಿದರು. ಕರ್ಮಸಿದ್ಧಾಂತದ ಅತಿಗಹನವಾದ ಗಣಿತವನ್ನು ಕನ್ನಡದಲ್ಲಿ ಬರೆದ ಮಹಾಪುರುಷನ ಶ್ರಮಕ್ಕೆ ಹೀಗೆ ಆರು ಶತಮಾನಗಳ ತರುವಾಯ ನ್ಯಾಯ ದೊರೆಯಿತು. ಆ ಕನ್ನಡ ವೃತ್ತಿಯೊಡನೆ ಗೊಮ್ಮಟಸಾರವನ್ನು ಪ್ರಕಟಿಸುವ ಕಾರ್ಯವನ್ನು ಅವರು ಪಂಡಿತ ಕೈಲಾಶಚಂದ್ರ ಶಾಸ್ತ್ರಿಗಳೊಡನೆ ಕೈಕೊಂಡರು. 1978ರಿಂದ ಭಾರತೀಯ ಜ್ಞಾನಪೀಠವು ಅದನ್ನು ಸಂಪುಟಗಳಾಗಿ ಹೊರತಂದಾಗ ಅವರು ಇರಲಿಲ್ಲ.

ಮೂರನೆಯದಾದ ಅನುಪ್ರೇಕ್ಷೆಯಲ್ಲಿ ಅವರ ಹೆಸರು ಗ್ರಂಥದ ಹೆಸರಿನೊಡನೆಯೇ ಸೇರಿಕೊಂಡಿದೆ. ಅನಿತ್ಯ, ಅಶರಣ ಮೊದಲಾದ ಹನ್ನೆರಡು ಭಾವನೆಗಳನ್ನು ಬೋಧಿಸುವ ಸ್ವಾಮಿಕುಮಾರರ ಕಾರ್ತಿಕೇಯಾನುಪ್ರೇಕ್ಷೆಯನ್ನು 1960ರಲ್ಲಿ ಶುಭಚಂದ್ರರ ಟೀಕೆಯೊಡನೆ ಸಂಪಾದಿಸಿದರು. ಇದಕ್ಕೂ ಮೊದಲು, 1943ರಲ್ಲಿ, ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಹರಿಷೇಣರ ಬೃಹತ್ಕಥಾಕೋಶವು ಹೊರಬಂದಿತ್ತು. 157 ಕಥೆಗಳ ಈ ಗ್ರಂಥವು ಹತ್ತನೆಯ ಶತಮಾನದ್ದು. ವ್ರತೋಪವಾಸಗಳಲ್ಲಿ ಶ್ರದ್ಧೆಯುಳ್ಳವರು ಇದರ ಪ್ರಸ್ತಾವನೆಯನ್ನು ವಿಶೇಷವಾಗಿ ಗಮನಿಸಬೇಕು. ಶಿವಾರ್ಯರ ಭಗವತೀ ಆರಾಧನೆಯು ಸಲ್ಲೇಖನೆಯನ್ನು ವಿವರಿಸುವ ಆಕರಗ್ರಂಥ. ಉಪಸರ್ಗಗಳನ್ನು ಸಹಿಸಿ ಆರಾಧಕರಾದ ಮಹಾತ್ಮರ ಹೆಸರುಗಳನ್ನು ಅದರ ಗಾಹೆಗಳು ಸೂಚಿಸಿ ಮುಂದೆ ಸಾಗುತ್ತವೆ. ಆ ಒಂದೊಂದು ಗಾಹೆಯೇ ಬೀಜವಾಗಿ ಸಂಸ್ಕೃತ, ಪ್ರಾಕೃತ, ಅಪಭ್ರಂಶ, ಕನ್ನಡಗಳಲ್ಲಿ ಕಥೆಗಳು ಬೆಳೆದುದನ್ನು ಉಪಾಧ್ಯೆಯವರು ಅಲ್ಲಿ ನಿರೂಪಿಸಿದರು. ಹತ್ತೊಂಬತ್ತು ಕಥೆಗಳ ಕನ್ನಡ ವಡ್ಡಾರಾಧನೆಯು ಈ ವೃಕ್ಷದ ಒಂದು ಹಿರಿಯ ಕೊಂಬೆ. ಭದ್ರಬಾಹುಭಟಾರರ ಕಥೆಯನ್ನು ಕೇಳಿ ಕಣ್ಣೊರಸಿಕೊಳ್ಳುವ ಅಜ್ಜಿಯೂ, ಗಾಹೆಯ ಛಂದಸ್ಸನ್ನು ಎಣಿಸುವ ಪಂಡಿತನೂ ಒಂದೇ ಆರಾಧನೆಯ ಎರಡು ಬದಿಯಲ್ಲಿ ಕುಳಿತವರೆಂಬುದು ಆ ಪ್ರಸ್ತಾವನೆಯನ್ನು ಓದಿದವರಿಗೆ ಮನದಟ್ಟಾಗುತ್ತದೆ.

ನಾಲ್ಕನೆಯ ಅಂಗ ಆಮ್ನಾಯ, ಎಂದರೆ ಅಕ್ಷರಶುದ್ಧಿ. ಸಂಪಾದನೆಯೆಂದರೆ ಹಳೆಯ ಪುಸ್ತಕವನ್ನು ಅಚ್ಚಿಗೆ ಕಳುಹಿಸುವುದಷ್ಟೆಯೆಂದು ಭಾವಿಸುವವರುಂಟು. ಅದರ ಕಷ್ಟವು ಮಾಡಿದವರಿಗೇ ಗೊತ್ತು. ಮೊದಲು ಗ್ರಂಥದ ಪ್ರತಿಗಳು ಎಲ್ಲೆಲ್ಲಿವೆಯೆಂದು ವಿಚಾರಿಸಬೇಕು. ಮಠ ಬಸದಿಗಳ ಒಡೆಯರ ವಿಶ್ವಾಸವನ್ನು ಗಳಿಸಬೇಕು. ಪ್ರತಿ ದೊರೆತ ಮೇಲೆ ಒಂದೊಂದಕ್ಕೂ ಗುರುತಿನ ಅಕ್ಷರವಿಟ್ಟು, ಸಾಲಿಗೆ ಸಾಲನ್ನು ಹೋಲಿಸಿ, ಭೇದಗಳನ್ನೆಲ್ಲ ಬರೆದುಕೊಳ್ಳಬೇಕು. ಕನ್ನಡ ಲಿಪಿಯ ಓಲೆಗಳಲ್ಲಿ ದಕಾರ ಧಕಾರಗಳು ಒಂದೇ ಆಗಿ ಕಾಣುತ್ತವೆ. ಪ್ರಾಕೃತವನ್ನು ಬರೆಯುವಾಗ ಇಟ್ಟ ಸೊನ್ನೆಯು ಎಷ್ಟೋ ಕಡೆ ಅನುಸ್ವಾರವಾಗಿರದೆ ಮುಂದಿನ ಅಕ್ಷರದ ದ್ವಿತ್ವವನ್ನು ಸೂಚಿಸುತ್ತದೆ. ಇದನ್ನರಿಯದೆ ನಾಗರಿಗೆ ಇಳಿಸಿದವನು ಗ್ರಂಥವನ್ನೇ ಕೆಡಿಸುತ್ತಾನೆ. ಯಾವ ಪಾಠವು ಮೂಲಕ್ಕೆ ಹತ್ತಿರವೆಂದು ನಿರ್ಧರಿಸಿದ ಮೇಲೂ ಬಿಟ್ಟ ಪಾಠಗಳನ್ನು ಅಡಿಯಲ್ಲಿ ಕೊಡಬೇಕು; ತನ್ನ ನಿರ್ಣಯವು ತಪ್ಪಾದರೆ ನಾಳೆಯ ಓದುಗನು ತಿದ್ದಲು ಎಡೆಯಿರಬೇಕು. ತನ್ನ ಮಾತೇ ಕೊನೆಯದೆನ್ನದ ಈ ಪದ್ಧತಿಯಲ್ಲಿ ಅನೇಕಾಂತವು ಅಡಗಿದೆ.

ಶ್ವೇತಾಂಬರ ಆಚಾರ್ಯರಾದ ಉದ್ದ್ಯೋತನಸೂರಿಗಳು ಶಕವರ್ಷ 700 ತುಂಬಲು ಒಂದು ದಿನ ಉಳಿದಿದ್ದಾಗ, ಎಂದರೆ ಕ್ರಿ.ಶ. 779ರಲ್ಲಿ, ಮುಗಿಸಿದ ಕುವಲಯಮಾಲೆಯ ಸಂಪಾದನೆಯು ಈ ತಾಳ್ಮೆಗೆ ಶಿಖರಪ್ರಾಯವಾದುದು. ಆಧಾರಕ್ಕೆ ದೊರೆತ ಪ್ರತಿಗಳು ಎರಡೇ: ಪುಣೆಯ ಕಾಗದಪ್ರತಿ ಮತ್ತು ಜೈಸಲ್ಮೇರಿನ ಓಲೆಪ್ರತಿ. ಮೂಲವು 1959ರಲ್ಲಿ ಪ್ರಕಟವಾದರೆ ಪ್ರಸ್ತಾವನೆ ಮೊದಲಾದವುಗಳ ಎರಡನೆಯ ಭಾಗವು ಬಂದುದು 1970ರಲ್ಲಿ. ಹರಿಭದ್ರರ ಧೂರ್ತಾಖ್ಯಾನವನ್ನು ಕುರಿತ ಅಧ್ಯಯನ, ಕೋಊಹಲನ ಲೀಲಾವತಿ ಕಥೆಯ ಸಂಪಾದನೆ ಇವೂ ಅವರವೇ. ಸಿಂಘೀ ಮಾಲೆಯನ್ನು ನಡೆಸುತ್ತಿದ್ದ ಮುನಿ ಜಿನವಿಜಯರು ಶ್ವೇತಾಂಬರ ಪರಂಪರೆಯಿಂದ ಬಂದವರು. ಸದಲಗೆಯ ದಿಗಂಬರ ಉಪಾಧ್ಯೆಯವರಿಗೂ ಅವರಿಗೂ ಗ್ರಂಥದ ಮುಂದೆ ಭೇದವಿರಲಿಲ್ಲ.

ಐದನೆಯದಾದ ಧರ್ಮೋಪದೇಶವನ್ನು ಅವರು ವ್ಯಾಖ್ಯಾನಪೀಠದಿಂದ ನಡೆಸಿದುದಕ್ಕಿಂತ ಹೆಚ್ಚಾಗಿ ಗ್ರಂಥಮಾಲೆಗಳ ಮೂಲಕ ನಡೆಸಿದರು. ಹುಮನಾಬಾದಿನ ಮೂಲಕ ಹಾಯುವ ಹೆದ್ದಾರಿಯು ಬಸವಕಲ್ಯಾಣವನ್ನು ಬದಿಗಿಟ್ಟು ಪಶ್ಚಿಮಕ್ಕೆ ಹೋಗಿ ಮುಟ್ಟುವ ಸೊಲ್ಲಾಪುರದಲ್ಲಿ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯೆಂಬ ಶ್ರೀಮಂತ ಶ್ರಾವಕರಿದ್ದರು. ಸಂಸಾರದಲ್ಲಿ ಉದಾಸೀನರಾದ ಅವರು ನ್ಯಾಯಾರ್ಜಿತವಾದ ತಮ್ಮ ಸಂಪತ್ತನ್ನು ಧರ್ಮದ ಯಾವ ಕಾರ್ಯಕ್ಕೆ ವಿನಿಯೋಗಿಸಬೇಕೆಂದು 1940ರಿಂದ ದೇಶದ ವಿದ್ವಾಂಸರನ್ನು ಕೇಳುತ್ತ ಬಂದರು. 1941ರ ಬೇಸಗೆಯಲ್ಲಿ ನಾಸಿಕದ ಬಳಿಯ ಗಜಪಂಥಾ ಕ್ಷೇತ್ರದಲ್ಲಿ ವಿದ್ವಾಂಸರ ಸಭೆಯನ್ನು ಕೂಡಿಸಿ, ಜೈನ ಸಂಸ್ಕೃತಿ ಸಂರಕ್ಷಕ ಸಂಘವನ್ನು ಸ್ಥಾಪಿಸಿ, 30,000 ರೂಪಾಯಿಗಳನ್ನು ದಾನವಾಗಿ ಘೋಷಿಸಿದರು. ಪರಿಗ್ರಹದ ಮೋಹವು ಮತ್ತಷ್ಟು ಕಳಚಿ 1944ರಲ್ಲಿ ಸುಮಾರು ಎರಡು ಲಕ್ಷ ರೂಪಾಯಿಗಳ ಸಮಸ್ತ ಸಂಪತ್ತನ್ನೂ ಸಂಘಕ್ಕೆ ಒಪ್ಪಿಸಿಬಿಟ್ಟರು. 1957ರ ಜನವರಿ 16ರಂದು ಅವರು ಸಮಾಧಿಮರಣವನ್ನು ಪಡೆದರು.

ಆ ತ್ಯಾಗದ ಹಣವು ಗ್ರಂಥವಾಗಿ ಮಾರ್ಪಟ್ಟುದು ಹೀರಾಲಾಲ ಜೈನರು ಮತ್ತು ಉಪಾಧ್ಯೆಯವರ ಕೈಯಿಂದ. ಜೀವರಾಜ ಜೈನ ಗ್ರಂಥಮಾಲೆಯ ಮೊದಲ ಪುಷ್ಪವಾಗಿ ಯತಿವೃಷಭರ ತಿಲೋಯಪಣ್ಣತ್ತಿಯು 1943 ಮತ್ತು 1951ರಲ್ಲಿ ಎರಡು ಭಾಗಗಳಾಗಿ ಬಂದಿತು. ಜಂಬೂದೀವಪಣ್ಣತ್ತಿ, ಗುಣಭದ್ರರ ಆತ್ಮಾನುಶಾಸನ, ಪದ್ಮನಂದಿ ಪಂಚವಿಂಶತಿ, ಪುಣ್ಯಾಸ್ರವ ಕಥಾಕೋಶಗಳು ಒಂದರ ಹಿಂದೊಂದರಂತೆ ಹೊರಬಂದವು. ಇದೇ ಜೋಡಿಯು 1944ರಲ್ಲಿ ಸಾಹು ಶಾಂತಿಪ್ರಸಾದ ಜೈನರು ಸ್ಥಾಪಿಸಿದ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಜೈನ ಗ್ರಂಥಮಾಲೆಯ ಭಾರವನ್ನೂ ಹೊತ್ತಿತು. ಮಾನ್ಯಖೇಟದ ಜಿನಸೇನಾಚಾರ್ಯರ ಆದಿಪುರಾಣವು ಪಂಡಿತ ಪನ್ನಾಲಾಲ ಜೈನರ ಹಿಂದೀ ಅನುವಾದದೊಡನೆ 1951ರಲ್ಲಿ ಹೊರಬಂದುದು ಈ ಮಾಲೆಯಲ್ಲಿ. ಶ್ರವಣಬೆಳಗೊಳದ ಅಭಿನವ ಚಾರುಕೀರ್ತಿ ಪಂಡಿತಾಚಾರ್ಯರ ಗೀತವೀತರಾಗವನ್ನು ಉಪಾಧ್ಯೆಯವರೇ ಸಂಪಾದಿಸಿ 1972ರಲ್ಲಿ ಕೊಟ್ಟರು. ಪ್ರಧಾನ ಸಂಪಾದಕನ ಕೆಲಸವೆಂದರೆ ಬೇರೆಯವರ ಕರಡನ್ನು ತಿದ್ದಿ, ಹೆಸರನ್ನು ಅವರಿಗೇ ಬಿಡುವುದು. ಸಂಘದ ಸೇವೆಗೆ ವೈಯಾವೃತ್ಯವೆಂದು ಹೆಸರಾದರೆ ಶ್ರುತಸೇವೆಯಲ್ಲಿ ಇದು ಅದರ ರೂಪ.

ಮನ್ನಣೆಗಳು ತಾವಾಗಿ ಬಂದವು. ಮುಂಬಯಿ ವಿಶ್ವವಿದ್ಯಾನಿಲಯವು 1939ರಲ್ಲಿ ಡಿ.ಲಿಟ್. ಪದವಿಯನ್ನಿತ್ತಿತು. 1966ರಲ್ಲಿ ಅಲೀಗಢದಲ್ಲಿ ಸೇರಿದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಲನದ ಪ್ರಧಾನ ಅಧ್ಯಕ್ಷತೆ ಅವರದಾಯಿತು. ಮರುವರ್ಷ, 1967ರಲ್ಲಿ, ಗೊಮ್ಮಟೇಶ್ವರನ ಪಾದತಲವಾದ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಜೀವಮಾನದ ಬಹುಭಾಗವನ್ನು ಕೊಲ್ಹಾಪುರದಲ್ಲಿ ಕಳೆದು, ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆದ ಗಡಿನಾಡ ವಿದ್ವಾಂಸರನ್ನು ಕನ್ನಡನಾಡು ಹೀಗೆ ತನ್ನವರೆಂದು ಅಪ್ಪಿಕೊಂಡಿತು.

ನಿವೃತ್ತಿಯ ವಯಸ್ಸು ಮೀರಿದ ಮೇಲೂ ಅಧ್ಯಾಪನವು ಅವರನ್ನು ಬಿಡಲಿಲ್ಲ. 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗಕ್ಕೆ ಮೊದಲ ಪ್ರಾಧ್ಯಾಪಕರಾಗಿ ಬಂದು 1975ರವರೆಗೆ ಆ ಸಸಿಗೆ ನೀರೆರೆದರು. ಜೊತೆಗಾರರಾಗಿದ್ದ ಹೀರಾಲಾಲ ಜೈನರು 1973ರಲ್ಲಿ ಅಗಲಿದಾಗ ಎರಡು ಹೆಗಲುಗಳ ಭಾರವು ಒಂದೇ ಹೆಗಲಿಗೆ ಬಿದ್ದಿತು. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವವನ್ನು ನಾಡೆಲ್ಲ ಆಚರಿಸುತ್ತಿದ್ದ ವರ್ಷವು ಇನ್ನೂ ಮುಗಿದಿರಲಿಲ್ಲ. 1975ರ ಅಕ್ಟೋಬರ್ 8ರಂದು ಕೊಲ್ಹಾಪುರದಲ್ಲಿ ಉಪಾಧ್ಯೆಯವರು ದೇಹವನ್ನು ತ್ಯಜಿಸಿದರು. ಅವರ ಚದುರಿದ ಲೇಖನಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವು 1983ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿತು.

ಪ್ರಶ್ನಿಸುವವನಿಗೆ ಶ್ರದ್ಧೆಯಿಲ್ಲವೆಂಬ ಮಾತಿಗೆ ಈ ಬಾಳೇ ಉತ್ತರವಾಗಿದೆ. ಜಿನವಾಣಿಯು ಸತ್ಯವೆಂಬ ದೃಢವಾದ ನಂಬಿಕೆ ಇರುವವನಿಗೆ ಪರೀಕ್ಷೆಯ ಭಯವಿರುವುದಿಲ್ಲ. ಆಹಾರದಲ್ಲಿ ಒಂದು ಅಗುಳು ಬಾಯಿಗೆ ಬಿದ್ದರೂ ಉಪವಾಸವು ಭಂಗವಾಯಿತೆಂದು ಕಳವಳಗೊಳ್ಳುವ ವ್ರತಿಯ ಎಚ್ಚರಿಕೆಯನ್ನೇ ಉಪಾಧ್ಯೆಯವರು ಅಕ್ಷರದ ವಿಷಯದಲ್ಲಿ ಪಾಲಿಸಿದರು: ಮೂಲದಲ್ಲಿ ಇಲ್ಲದ ಒಂದು ಅಕ್ಷರವೂ ಒಳಗೆ ಬರಬಾರದು, ಇರುವ ಒಂದು ಅಕ್ಷರವೂ ಹೊರಗೆ ಹೋಗಬಾರದು.

ಜ್ಯೇಷ್ಠ ಶುಕ್ಲ ಪಂಚಮಿಯು ಶ್ರುತಪಂಚಮಿ. ಅಂದು ಬಸದಿಗಳಲ್ಲಿ ಶಾಸ್ತ್ರಗಳನ್ನು ಹೊರತೆಗೆದು, ಧೂಳನ್ನೊರಸಿ, ಹೊಸ ವಸ್ತ್ರದಲ್ಲಿ ಸುತ್ತಿ, ಅಷ್ಟದ್ರವ್ಯಗಳಿಂದ ಪೂಜಿಸುವುದು ವಾಡಿಕೆ. ಪೂಜೆಯಾದ ಮೇಲೆ ಗಂಟನ್ನು ಮತ್ತೆ ಕಟ್ಟಿಡುವ ಮೊದಲು ಒಂದು ಪುಟವನ್ನಾದರೂ ಬಿಡಿಸಿ ಓದಿದರೆ, ಮನೆಯ ಅಟ್ಟದಲ್ಲಿ ಅಥವಾ ಊರ ಬಸದಿಯಲ್ಲಿ ಉಳಿದಿರುವ ಓಲೆಯ ಕಟ್ಟನ್ನು ಬಲ್ಲವರಿಗೆ ತೋರಿಸಿದರೆ, ಮುಂದಿನ ಅಷ್ಟಮಿಯ ಉಪವಾಸದ ದಿನ ಒಂದು ಗಾಹೆಯ ಅರ್ಥವನ್ನು ಮಕ್ಕಳಿಗೆ ಹೇಳಿದರೆ, ಸದಲಗೆಯ ಆ ಶ್ರಾವಕನ ವ್ರತವು ಮುಂದುವರಿದಂತೆಯೇ ಸರಿ.